ಮಾತು ಬಿಟ್ಟ ಶ್ರಾವಣ

ಕಳೆದ ವರ್ಷ ಆಗಸ್ಟ್ ತಿಂಗಳ ಮೂರನೇ ಶುಕ್ರವಾರ ಬೆಳಿಗ್ಗೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಿಂಗಮ್ಮ ಎಂಬ ವೃದ್ಧೆ ತೀರಿಕೊಂಡರು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಚಪ್ಪರದ ಕೆಳಗೆ ಕೂತಿದ್ದವರು ಕೈಯಲ್ಲಿ ಎಲೆ ಹಿಡಿದುಕೊಂಡೇ ಪಕ್ಕದ ಕಂಬಕ್ಕೆ ಒರಗಿದ್ದರು. ಮಧ್ಯಾಹ್ನದ ಹೊತ್ತಿಗೆ ನೆಂಟರೆಲ್ಲ ಸೇರಿದರು. ಹೆಂಗಸರು ಸತ್ತವರ ಗುಣ, ತವರು, ದುಡಿಮೆ ಎಲ್ಲವನ್ನೂ ಹೇಳಿಕೊಂಡು ಅಳುತ್ತಿದ್ದರು. ಹೆಣದ ತಲೆಯ ಬಳಿ ಕೂತಿದ್ದ ಮೊಮ್ಮಗಳು ಶಶಿಕಲಾ ಮಾತ್ರ ಬಾಯಿ ತೆರೆಯಲಿಲ್ಲ.

ಆಗ ನಾನು ಹುಣಸೂರಿನಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಈಗ ಮೈಸೂರಿನ ಕಚೇರಿಯಲ್ಲಿ ಕೂತು ಬೇರೆಯವರ ವರದಿ ತಿದ್ದುತ್ತೇನೆ. ಕಳೆದ ವಾರ ಪಿರಿಯಾಪಟ್ಟಣದ ಕಡೆ ಹೋಗಬೇಕಾಯಿತು. ಹುಣಸೂರು ದಾಟಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಆ ವಾಸನೆ ಬಂತು. ಬ್ಯಾರನ್ ಎಂದು ಕರೆಯುವ, ಒಲೆ ಹಚ್ಚಿ ಸೊಪ್ಪು ಒಣಗಿಸುವ ಮನೆಗಳಲ್ಲಿ ಹೊಗೆಸೊಪ್ಪು ಹದವಾಗುವಾಗಿನ ವಾಸನೆ; ಬೆಲ್ಲದ ಪಾಕ ತಳ ಹಿಡಿದಂತೆ, ಅದರ ಹಿಂದೆಯೇ ಹಸಿ ಸೌದೆಯ ಹೊಗೆ. ಈ ತಾಲ್ಲೂಕುಗಳಲ್ಲಿ ಮಳೆಗಾಲವೆಂದರೆ ಇದೇ ವಾಸನೆ. ಒದ್ದೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ.

ಹುಣಸೂರಿನಲ್ಲಿ ನನ್ನ ಕೊಠಡಿ ಒಂದು ಪೀಠೋಪಕರಣದ ಕಾರ್ಖಾನೆಯ ಮೇಲಿತ್ತು. ಕೆಳಗೆ ಅಕ್ರಂ ಬಾಗಿಲು, ಮಂಚ, ಬೀರು ಮಾಡುತ್ತಿದ್ದರು. ಮೇಲೆ ನನ್ನ ಗೋಡೆಯ ಆಚೆ ಅವರ ಹೆಂಡತಿ ಶಮೀಮ್ ಹಾಡು ಕಲಿಸುತ್ತಿದ್ದರು. ಅದು ಶಾಸ್ತ್ರೀಯ ಸಂಗೀತದ ಪಾಠವಲ್ಲ. ಸಿನಿಮಾ ಹಾಡು, ಮೊಬೈಲಿನಲ್ಲಿ ಓಡುವ ಹೊಸ ಹಾಡು, ಸ್ವಂತ ಹಾಡು, ಮದುವೆ ಮನೆಯಲ್ಲಿ ಹಾಡಬೇಕಾದ ಹಾಡು; ಯಾರು ಏನು ಹಾಡಬೇಕೆಂದು ಬರುತ್ತಾರೋ ಅದಕ್ಕೆ ಗಂಟಲನ್ನು ಸಿದ್ಧ ಮಾಡುವುದು. ಕೆಳಗೆ ಮರ ಹೆರೆಯುವ ಯಂತ್ರ ಶುರುವಾದರೆ ಮೇಲೆ ಪಾಠ ನಿಲ್ಲುತ್ತಿತ್ತು. ಯಂತ್ರ ನಿಂತರೆ ಪಾಠ ಶುರು. ಈ ಒಪ್ಪಂದವನ್ನು ಗಂಡ ಹೆಂಡತಿ ಯಾವಾಗ ಮಾಡಿಕೊಂಡರೋ ಗೊತ್ತಿಲ್ಲ. ನಾನಿದ್ದಷ್ಟು ಕಾಲ ಅದು ತಪ್ಪಲಿಲ್ಲ.

ಶಮೀಮ್ ಹಿಂದೆ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವರು. ಗಣೇಶನ ಹಬ್ಬದ ದಿನಗಳಲ್ಲಿ ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಅವರು ಹತ್ತದ ವೇದಿಕೆ ಇರಲಿಲ್ಲವೆಂದು ಅಕ್ರಂ ಹೇಳುತ್ತಿದ್ದರು. ಒಂದು ವರ್ಷ ಗಂಟಲು ಕಟ್ಟಿದ್ದರೂ ಬಿಸಿನೀರು ಕುಡಿದು ಹಬ್ಬ ಮುಗಿಯುವವರೆಗೂ ಹಾಡಿದರು. ಮೇಲಿನ ಸ್ವರಗಳು ಆಮೇಲೆ ಬರಲಿಲ್ಲ. ಬಂದರೂ ಸೀಳಿ ಬರುತ್ತಿದ್ದವು. ನಾನು ಅಲ್ಲಿದ್ದಾಗ ಅವರು ವಿದ್ಯಾರ್ಥಿಗಳಿಗೆ ತೋರಿಸಲೆಂದು ಒಂದು ಸಾಲು ಹಾಡುವುದೂ ಅಪರೂಪ. ಮಾತಿನಲ್ಲೇ ಹೇಳುತ್ತಿದ್ದರು. ಬೆರಳಿನಲ್ಲಿ ಎತ್ತರ ತಗ್ಗು ತೋರಿಸುತ್ತಿದ್ದರು. ಶ್ರುತಿಗೆ ಮೊಬೈಲು.

ಅವರ ಪಾಠದಲ್ಲಿ ಒಂದು ವಿಚಿತ್ರವಿತ್ತು. ಪ್ರತಿಯೊಬ್ಬರ ಮುಂದೆಯೂ ಒಂದು ಖಾಲಿ ಪ್ಲಾಸ್ಟಿಕ್ ಬಿಂದಿಗೆ. ಅದರ ಬಾಯಿಯ ಹತ್ತಿರ ಮುಖವಿಟ್ಟು ಹಾಡಬೇಕು. ಬಿಂದಿಗೆ ಹಾಡನ್ನು ಹಿಂದಕ್ಕೆ ಕೊಡುತ್ತದೆ. ಕೂಗಿದರೆ ಗುಂಯ್ ಎನ್ನುತ್ತದೆ, ಹದವಾಗಿ ಹಾಡಿದರೆ ನಿಮ್ಮ ದನಿ ನಿಮಗೇ ಕೇಳುತ್ತದೆ. ಸ್ಟುಡಿಯೋದಲ್ಲಿ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನ ಕೆಲಸವನ್ನು ಇದು ಮಾಡುತ್ತದೆ ಎಂದು ಅವರ ವಾದ. ಗೋಡೆಯಾಚೆ ಐದಾರು ಬಿಂದಿಗೆಗಳು ಒಟ್ಟಿಗೆ ಹಾಡುವಾಗ ನಾನು ಅಪಘಾತದ ಸುದ್ದಿ, ಆನೆ ದಾಳಿಯ ಸುದ್ದಿ, ಹರಾಜು ಮಾರುಕಟ್ಟೆಯ ಸುದ್ದಿ ಬರೆದು ಕಳುಹಿಸುತ್ತಿದ್ದೆ. ಆ ವರ್ಷ ಮಳೆ ಬಿಡಲೇ ಇಲ್ಲ. ಬರೆದದ್ದರಲ್ಲಿ ಅರ್ಧ ಅಚ್ಚಾಗುತ್ತಿರಲಿಲ್ಲ. ಯಾಕೆಂದು ಕೇಳುವುದನ್ನೂ ಬಿಟ್ಟಿದ್ದೆ.

ಶಶಿಕಲಾ ಜೂನ್‌ನಲ್ಲಿ ಸೇರಿದಳು. ಡಿಗ್ರಿ ಮುಗಿಸಿದ್ದಳು. ಮನೆಯವರಿಗೆ ಜಮೀನಿತ್ತು, ಸ್ವಂತ ಬ್ಯಾರನ್ ಇತ್ತು. ಟಿ.ವಿ.ಯ ಹಾಡಿನ ಸ್ಪರ್ಧೆಯೊಂದಕ್ಕೆ ಸೆಪ್ಟೆಂಬರ್ ಮೊದಲ ವಾರ ಮೈಸೂರಿನಲ್ಲಿ ಆಯ್ಕೆ ನಡೆಯುವುದಿತ್ತು. ಅವಳ ವಯಸ್ಸಿನವರಿಗೆ ಅದೇ ಕೊನೆಯ ಅವಕಾಶ. ಅವಳ ದನಿ ಎಂಥದ್ದೆಂದು ತಿಳಿಯಲು ನಾನು ಪಕ್ಕದ ಕೊಠಡಿಗೆ ಹೋಗಬೇಕಾಗಿರಲಿಲ್ಲ. ಕೆಳಗೆ ಅಕ್ರಂ ಯಂತ್ರ ನಿಲ್ಲಿಸಿ ತಲೆಯೆತ್ತಿ ನೋಡಿದ್ದರು.

ಆ ದನಿ ಬ್ಯಾರನ್ ಪಕ್ಕದ ಚಪ್ಪರದಲ್ಲಿ ಬೆಳೆದದ್ದು. ಸೊಪ್ಪು ಕಟ್ಟುವ ಹೆಂಗಸರಿಗೆ ಅವಳು ಹಾಡಿದರೆ ಕೈ ಬೇಗ ಓಡುತ್ತಿತ್ತು. ಮೇಲೆ ಜಿಂಕ್ ಶೀಟು, ಶೀಟಿನ ಮೇಲೆ ಮಳೆ, ಪಕ್ಕದಲ್ಲಿ ಹಸಿ ಸೌದೆಯ ಹೊಗೆ. ಅದನ್ನೆಲ್ಲ ದಾಟಿ ಕೊನೆಯ ಸಾಲಿನವರಿಗೆ ಕೇಳಬೇಕು. ಜೊತೆಗೆ ಇನ್ನೊಂದು ಚಟವಿತ್ತು. ಈ ಕಡೆಯ ಹಾಡುವ ಹುಡುಗ ಹುಡುಗಿಯರಿಗೆಲ್ಲ ಅದು ಇದೆ. ಮೊಬೈಲಿನಲ್ಲಿ ಸಿಗುವ ಹಾಡಿನ ಟ್ರ್ಯಾಕ್ ಯಾವ ಎತ್ತರದಲ್ಲಿದೆಯೋ ಅದೇ ಎತ್ತರದಲ್ಲಿ ಹಾಡಬೇಕು. ಶ್ರುತಿ ಇಳಿಸುವುದು ಅವಮಾನ. ಶಮೀಮ್ ಮೊದಲ ವಾರವೇ ಅವಳ ಶ್ರುತಿಯನ್ನು ಕೆಳಗೆ ತಂದರು. ಅವಳು ಒಪ್ಪಲಿಲ್ಲ.

"ಇಳಿಸಿ ಹಾಡೋದು ಅಂದ್ರೆ ಸೋತಂಗಲ್ವಾ ಮೇಡಂ?" ಎಂದು ಕೇಳಿದ್ದಳು.

"ಆ ಚಪ್ಪಲಿ ಅವರ ಕಾಲಿನ ಅಳತೆಗೆ ಹೊಲಿದಿರೋದಮ್ಮ" ಎಂದು ಶಮೀಮ್ ಹೇಳಿದರು. "ನಿನ್ನ ಕಾಲು ತುರುಕಿ ನಡೆದ್ರೆ ಹರಿಯೋದು ಕಾಲು. ಮೈಕ್ ಅನ್ನೋದು ಕಿವಿ. ಕಿವಿ ಹತ್ರ ಯಾರಾದ್ರೂ ಕೂಗ್ತಾರಾ?"

ಬೈಲಕುಪ್ಪೆಯಿಂದ ಬರುತ್ತಿದ್ದ ಟಿಬೆಟನ್ ಯುವಕನೊಬ್ಬ ಆ ತರಗತಿಯಲ್ಲಿದ್ದ. ಗಿಟಾರು ಹಿಡಿದು ಪಕ್ಕದವರಿಗಷ್ಟೇ ಕೇಳುವಂತೆ ತನ್ನ ಹಾಡು ಹಾಡುತ್ತಿದ್ದ. ಅವನನ್ನು ನೋಡಿ ಕಲಿ ಎಂದು ಶಮೀಮ್ ಶಶಿಕಲಾಗೆ ಹೇಳಿದರು. ಅವಳಿಗೆ ಅದು ಹಾಡು ಎನಿಸಲೇ ಇಲ್ಲವಂತೆ. ಜ್ವರ ಬಂದವರು ನೀರು ಕೇಳಿದ ಹಾಗಿದೆ ಎಂದಳು. ಎಲ್ಲರೂ ನಕ್ಕರು, ಅವನೂ ನಕ್ಕ. ಅವಳು ತರಗತಿಯಲ್ಲಿ ಇಳಿಸಿ ಹಾಡಿದಳು, ಮನೆಗೆ ಹೋಗಿ ಜಿಂಕ್ ಶೀಟಿನ ಕೆಳಗೆ ಟ್ರ್ಯಾಕಿನ ಎತ್ತರಕ್ಕೇ ಹಾಡಿದಳು. ಜುಲೈ ಕೊನೆಗೆ ಬ್ಯಾರನ್ ಹತ್ತಿಸಿದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೂ ಹಾಡಿದಳು. ಆಗಸ್ಟ್ ಮೊದಲ ವಾರ ಗೋಡೆಯಾಚೆ ಅವಳ ದನಿಯ ಬದಲು ಮರಳು ಉಜ್ಜಿದಂಥ ಸದ್ದು ಬಂತು. ಶಮೀಮ್ ಪಾಠ ನಿಲ್ಲಿಸಿ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದರು.

ವೈದ್ಯರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ಸ್ವರತಂತುಗಳ ಮೇಲೆ ಗಂಟು ಕಟ್ಟುತ್ತಿದೆ, ಇನ್ನೂ ಮೆತ್ತಗಿದೆ, ಮೂರು ವಾರ ಮಾತು ಪೂರ್ತಿ ಬಿಟ್ಟರೆ ಕರಗಬಹುದು ಎಂದರು. ಪಿಸುಮಾತೂ ಕೂಡದು. ಕೆಮ್ಮನ್ನೂ ತಡೆಯಬೇಕು. ಮಾತು ಬಿಡದಿದ್ದರೆ ಗಂಟು ಗಟ್ಟಿಯಾಗುತ್ತದೆ, ಆಮೇಲೆ ಏನಾಗುತ್ತದೆಂದು ಹೇಳಲಾಗದು. ವಾಪಸು ಬರುವಾಗ ಬಸ್ಸಿನಲ್ಲಿ ಶಮೀಮ್ ಅವಳಿಗೆ ತಮ್ಮ ಗಂಟಲಿನ ಕಥೆಯನ್ನು ಮೊದಲ ಬಾರಿ ಪೂರ್ತಿಯಾಗಿ ಹೇಳಿದರಂತೆ. ಹುಣಸೂರಿನಲ್ಲಿ ಇಳಿಯುವ ಹೊತ್ತಿಗೆ ಶಶಿಕಲಾ ಮಾತು ಬಿಟ್ಟಿದ್ದಳು.

ಹಳ್ಳಿಯಲ್ಲಿ, ಅದೂ ಸೊಪ್ಪಿನ ಕಾಲದಲ್ಲಿ, ಮಾತು ಬಿಡುವುದು ಸುಲಭವಲ್ಲ. ಮಾತು ಬಿಟ್ಟರೆಂದರೆ ಯಾರ ಮೇಲೋ ಸಿಟ್ಟೆಂದು ಅರ್ಥ. ತಾಯಿಗೂ ಮಗಳಿಗೂ ಜಗಳವಾಗಿದೆ ಎಂದು ಎರಡೇ ದಿನದಲ್ಲಿ ಸುದ್ದಿಯಾಯಿತು. ಮದುವೆಗೆ ಅವಳನ್ನು ಕೇಳಿದ್ದ ಗಂಡಿನ ಕಡೆಯವರೊಬ್ಬರು ಹುಡುಗಿಗೆ ಏನೋ ದೋಷವಂತೆ ಎಂದು ಹೇಳಿ ಕಳುಹಿಸಿದರು. ಅವಳ ಸೋದರತ್ತೆ ಜಯಮ್ಮನಿಗೆ ಎಲ್ಲರಿಗಿಂತ ಹೆಚ್ಚು ಕೋಪ. ಜಯಮ್ಮ ನಿಂಗಮ್ಮನ ಹಿರಿಯ ಮಗಳು, ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರಕ್ಕೆ ಕೊಟ್ಟಿತ್ತು. ಅಲ್ಲಿನ ಗಣೇಶನ ಆರ್ಕೆಸ್ಟ್ರಾದಲ್ಲಿ ಹೆಂಡತಿಯ ಅಣ್ಣನ ಮಗಳು ಹಾಡುತ್ತಾಳೆಂದು ಅವರ ಗಂಡ ಊರಿಗೆಲ್ಲ ಹೇಳಿಬಿಟ್ಟಿದ್ದರು. ಅದನ್ನು ಬಿಡಬೇಕಾಯಿತು.

ಅವಳ ಪರವಾಗಿ ನಿಂತವರು ನಿಂಗಮ್ಮ ಒಬ್ಬರೇ. ನಾನು ಆ ಅಜ್ಜಿಯನ್ನು ಜೀವಂತವಾಗಿ ನೋಡಿದ್ದು ಒಂದೇ ಸಲ, ಆ ಮೌನದ ಮೊದಲ ವಾರ. ಹೊಗೆಸೊಪ್ಪಿನ ಬಗ್ಗೆ ವರದಿಗೆಂದು ಆ ಕಡೆ ಹೊರಟಿದ್ದೆ. ಹುಡುಗಿಯನ್ನು ನೋಡಿ ಬರುತ್ತೇನೆಂದು ಶಮೀಮ್ ನನ್ನ ಕಾರಿನಲ್ಲಿ ಕೂತರು. ಚಪ್ಪರದಲ್ಲಿ ಏಳೆಂಟು ಹೆಂಗಸರು ಸೊಪ್ಪು ಕಟ್ಟುತ್ತಿದ್ದರು. ಎಲೆಯ ಅಂಟಿನಿಂದ ಎಲ್ಲರ ಬೆರಳುಗಳೂ ಕಪ್ಪಾಗಿದ್ದವು. ಶಶಿಕಲಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ತುದಿಯಲ್ಲಿ ಕೂತಿದ್ದಳು. ನಡುವೆ ಕೂತ ನಿಂಗಮ್ಮ ಯಾರಿಗೂ ಬಾಯಿ ಹಾಕಲು ಬಿಡದೆ ಮಾತಾಡುತ್ತಿದ್ದರು.

"ನೀರ್ ತುಂಬೋ ಬಿಂದ್ಗೆ ತಕ್ಕೋಗಿ ಆಡ್ ತುಂಬ್ಕಂಡ್ ಕೂತ್ಕಂತಿದ್ಲು. ಈಗ ಅದೂ ಇಲ್ಲ" ಎಂದು ಶಮೀಮ್‌ಗೆ ದೂರು ಹೇಳಿದರು. ಮತ್ತೆ ಮೊಮ್ಮಗಳ ಕಡೆ ತಿರುಗಿ, "ಬುಡು ಕಣವ್ವ, ನಿನ್ ಪಾಲಿನ್ ಮಾತ್ನೂ ನಾನೇ ಆಡ್ತೀನಿ" ಎಂದರು.

ಅವರ ತವರು ಎಚ್.ಡಿ. ಕೋಟೆ ಕಡೆಯ ಬೀಚನಹಳ್ಳಿ. ಕಬಿನಿಗೆ ಅಣೆಕಟ್ಟೆ ಕಟ್ಟುವಾಗ ಹುಡುಗಿಯಾಗಿದ್ದ ಅವರು ಅಲ್ಲಿ ಕಲ್ಲು ಹೊತ್ತಿದ್ದರು. ಕಲ್ಲು ಹೊರುವ ಸಾಲಿನಲ್ಲಿ ಹಾಡು ಹೇಳಿಕೊಡುವ ಹೆಂಗಸಿನ ಹಿಂದೆ ನಡೆದು ನಡೆದು ಗಂಟಲು ಬಿಚ್ಚಿತಂತೆ. ಮದುವೆಯಾಗಿ ಬಂದ ಮೇಲೆ ಈ ಊರಿನ ಸೋಬಾನೆಗೂ ಸಾವಿಗೂ ಅವರೇ ಮುಂದಾಳು. ಯಾರೇ ಸತ್ತರೂ ಹೇಳಿಕೊಂಡು ಅಳುವುದಕ್ಕೆ ಅವರನ್ನೇ ಕಾಯುತ್ತಿದ್ದರು. ಇದನ್ನೆಲ್ಲ ಹೇಳಿ ಮುಗಿಸಿ ಅವರು ಎಲೆ ಹಿಡಿದ ಕೈಯಿಂದಲೇ ಮೊಮ್ಮಗಳನ್ನು ತೋರಿಸಿದರು.

"ನಾನ್ ಓದಾಗ ಇವ್ಳೇ ಏಳ್ಕಂಡ್ ಅಳ್ಬೇಕು. ಮೂಲೇಲಿ ಕುಂತ್ಕಂಡು ಕುಯ್ ಅನ್ನೋದಲ್ಲ. ಕೆರೆ ಏರಿಗಂಟ ಕೇಳ್ಬೇಕು."

ಹೆಂಗಸರಲ್ಲೊಬ್ಬಳು, ಅದಕ್ಕೆ ಇನ್ನೂ ಮೂರು ವಾರ ಕಾಯಬೇಕು ಕಣಜ್ಜಿ, ಡಾಕ್ಟ್ರು ಹೇಳವ್ರೆ ಎಂದಳು. ಎಲ್ಲರೂ ನಕ್ಕರು. ಶಶಿಕಲಾ ಬಟ್ಟೆಯ ಹಿಂದೆ ಸದ್ದಿಲ್ಲದೆ ನಕ್ಕಳು.

ನಿಂಗಮ್ಮ ತೀರಿಕೊಂಡದ್ದು ಆ ಮೌನದ ಎರಡನೆಯ ವಾರದಲ್ಲಿ. ಸುದ್ದಿ ಬಂದಾಗ ನಾನು ಪುರಸಭೆಯ ಸಭೆಗೆ ಹೊರಡುತ್ತಿದ್ದೆ. ಶಮೀಮ್ ಬಾಗಿಲಲ್ಲಿ ನಿಂತು, ನೀವು ಬರದಿದ್ದರೆ ಬಸ್ಸಿಗೆ ಹೋಗುತ್ತೇನೆ ಎಂದರು. ಇಬ್ಬರೂ ಹೊರಟೆವು. ಹುಡುಗಿ ಬಾಯಿ ಬಿಟ್ಟಿದ್ದರೆ ಎಲ್ಲ ಮುಗಿದ ಹಾಗೆ, ಬಿಡದಿದ್ದರೆ ಆ ಮನೆಯಲ್ಲಿ ಅವಳಿಗೆ ಜಾಗವಿರುವುದಿಲ್ಲ ಎಂದು ದಾರಿಯಲ್ಲಿ ಶಮೀಮ್ ಹೇಳಿದರು. ಪಿರಿಯಾಪಟ್ಟಣ ದಾಟಿದ ಮೇಲೆ, ಅವಳಿಗೆ ಏನು ಹೇಳಲಿ ಎಂದು ಒಮ್ಮೆ ಕೇಳಿದರು.

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮಳೆ ಹನಿಯುತ್ತಿತ್ತು. ಬ್ಯಾರನ್ ಒಲೆ ಉರಿಯುತ್ತಲೇ ಇತ್ತು; ಒಳಗೆ ಸೊಪ್ಪು ಅರ್ಧ ಹದವಾಗಿರುವಾಗ ಬೆಂಕಿ ಆರಿಸುವಂತಿಲ್ಲ. ಶಶಿಕಲಾಳ ತಂದೆ ಹೆಣದ ಹತ್ತಿರ ಸ್ವಲ್ಪ ಹೊತ್ತು ಕೂರುವುದು, ಎದ್ದು ಹೋಗಿ ಒಲೆಗೆ ಸೌದೆ ಹಾಕುವುದು, ಮತ್ತೆ ಬಂದು ಕೂರುವುದು ಹೀಗೆ ಮಾಡುತ್ತಿದ್ದರು. ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಹೇಳಿಕೊಂಡು ಅತ್ತರು. ಸರದಿ ಮೊಮ್ಮಗಳ ಹತ್ತಿರ ಬಂದು ನಿಂತಿತು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ತುಟಿ ಬಿಗಿಯಾಗಿ ಮುಚ್ಚಿತ್ತು. ಎರಡೂ ಕೈಗಳಿಂದ ತನ್ನ ಕತ್ತನ್ನೇ ಹಿಡಿದುಕೊಂಡಿದ್ದಳು.

ಜಯಮ್ಮ ಅವಳ ಕಡೆ ತಿರುಗಿದರು.

"ಸಾಕಿದ್ ಅಜ್ಜಿ ಸತ್ತವ್ಳೆ. ಈಗ್ಲೂ ಬಾಯ್ ಬುಡಾಕಿಲ್ವೇನೇ? ಟೀವಿಗೆ ಅಂತ ಮಡಿಕ್ಕಂಡಿದ್ದೀಯ?"

ಶಶಿಕಲಾ ತಲೆಯೆತ್ತಿ ಶಮೀಮ್ ಅವರನ್ನು ನೋಡಿದಳು. ಬಾಯಿ ತೆರೆಯಲೋ ಎಂದು ಕೇಳುವಂತಿತ್ತು ಆ ನೋಟ. ತುಟಿ ಬಿಚ್ಚಿತು. ಉಸಿರು ಎಳೆದುಕೊಂಡದ್ದು ನಾನು ನಿಂತಿದ್ದ ಕಡೆಗೂ ಕೇಳಿಸಿತು.

ಶಮೀಮ್ ಚಪ್ಪಲಿ ಬಿಟ್ಟು ಮುಂದೆ ಹೋಗಿ ಅವಳ ಪಕ್ಕದಲ್ಲಿ ನೆಲಕ್ಕೆ ಕೂತರು. ಅಂಗೈಯಿಂದ ಅವಳ ಬಾಯಿ ಮುಚ್ಚಿದರು. ಇನ್ನೊಂದು ಕೈಯನ್ನು ನಿಂಗಮ್ಮನ ಪಾದದ ಮೇಲಿಟ್ಟರು. ಆಮೇಲೆ ತಾವೇ ಶುರು ಮಾಡಿದರು.

ಅದನ್ನು ಹಾಡು ಎನ್ನಲಾಗದು. ಮೊದಲ ಸಾಲಿಗೇ ದನಿ ಸೀಳಿತು. ನಿಲ್ಲಿಸಲಿಲ್ಲ. ಸೀಳಿದ ದನಿಯಲ್ಲೇ ಮುಂದುವರಿಸಿದರು. ಶಶಿಕಲಾ ತರಗತಿಯಲ್ಲಿ ಅಜ್ಜಿಯ ಬಗ್ಗೆ ಹೇಳಿದ್ದು, ಚಪ್ಪರದಲ್ಲಿ ಅಜ್ಜಿಯೇ ಹೇಳಿಕೊಂಡದ್ದು, ಅಷ್ಟೇ ಅವರಿಗೆ ಗೊತ್ತಿತ್ತು. ಕಲ್ಲು ಹೊತ್ತವಳೇ ಎಂದರು. ಕಲ್ಲಿನ ಸಾಲಲ್ಲಿ ಹಾಡು ಕಲಿತವಳೇ ಎಂದರು. ನನ್ನ ಪಾಲಿನ ಮಾತನ್ನೂ ಆಡಿ ಮುಗಿಸಿ ಹೋದೆಯಾ ಎಂದರು. ಮೊಮ್ಮಗಳ ಬಾಯಿಂದ ಬರಬೇಕಾದ್ದನ್ನು ಮೊಮ್ಮಗಳಾಗಿಯೇ ಹೇಳಿದರು. ನಡುವೆ ಒಂದು ಕಡೆ ತಪ್ಪಿದರು.

"ಹೊಸ ಅಗ್ರಹಾರದ ಮಗಳೇ" ಎಂದುಬಿಟ್ಟರು.

"ಒಸಗ್ರಾರಕ್ಕೆ ಕೊಟ್ಟಿರೋದು ನನ್ನ ಕಣವ್ವ" ಎಂದು ಜಯಮ್ಮ ಕಣ್ಣೊರೆಸಿಕೊಳ್ಳುತ್ತಲೇ ತಿದ್ದಿದರು. "ಸತ್ತಿರೋಳು ಬೀಚನಳ್ಳಿಯೋಳು."

ಶಮೀಮ್ ತಲೆಯಾಡಿಸಿ, ಬೀಚನಹಳ್ಳಿಯ ಮಗಳೇ ಎಂದು ಅದೇ ಸಾಲನ್ನು ಮತ್ತೆ ಮೊದಲಿನಿಂದ ಹೇಳಿದರು. ಈ ಸಲ ಜಯಮ್ಮ ದನಿಗೂಡಿಸಿದರು. ಮಿಕ್ಕ ಹೆಂಗಸರು ಸೇರಿಕೊಂಡರು. ಅಂಗೈ ಶಶಿಕಲಾಳ ಬಾಯಿಯ ಮೇಲೆ ಹಾಗೇ ಇತ್ತು. ಹೊಲದಲ್ಲಿ ಗುಂಡಿ ಸಿದ್ಧವಾಯಿತೆಂದು ಗಂಡಸರು ಬಂದು ಹೇಳುವವರೆಗೂ ಅದನ್ನು ತೆಗೆಯಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅವರು, ನಮ್ಮಲ್ಲಿ ಸಾವಿನ ಮನೆಯಲ್ಲಿ ಹಾಗೆ ಗಟ್ಟಿಯಾಗಿ ಅಳಬಾರದು ಅನ್ನುತ್ತಾರೆ ಎಂದರು. ಆ ಮಾತು ಅರ್ಧ ಗಾಳಿಯೇ ಆಗಿತ್ತು. ಮರುದಿನ ಅದೂ ಹೊರಡಲಿಲ್ಲ. ಅಕ್ರಂ ಯಂತ್ರವನ್ನು ಇಡೀ ದಿನ ನಿಲ್ಲಿಸಿ, ಉಪ್ಪುಕಾಗದದಿಂದ ಕೈಯಲ್ಲೇ ಮಂಚದ ಕಾಲು ಉಜ್ಜಿದರು.

ಅಜ್ಜಿಯ ಹಾಲು ತುಪ್ಪದ ಕಾರ್ಯ ಮುಗಿಸಿಕೊಂಡು ಶಶಿಕಲಾ ಮತ್ತೆ ತರಗತಿಗೆ ಬಂದಳು. ಕಲಿಸುವವರಿಗೂ ದನಿಯಿಲ್ಲ, ಕಲಿಯುವವಳಿಗೂ ಇಲ್ಲ. ಆ ಒಂದು ವಾರ ಗೋಡೆಯಾಚೆ ಬೇರೆಯವರ ಬಿಂದಿಗೆಗಳಷ್ಟೇ ಕೇಳಿಸುತ್ತಿದ್ದವು. ಒಮ್ಮೆ ಬಾಗಿಲು ತೆರೆದಿತ್ತು. ಇಬ್ಬರೂ ಎದುರು ಬದುರು ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರಿನ ಅಭ್ಯಾಸ ಮಾಡುತ್ತಿದ್ದರು. ಶಮೀಮ್ ಬೆರಳೆತ್ತಿದರೆ ಎಳೆದುಕೊಳ್ಳುವುದು, ಮಡಚಿದರೆ ಬಿಡುವುದು.

ಮೂರು ವಾರ ಮುಗಿದ ಮೇಲೆ ವೈದ್ಯರು ಮತ್ತೆ ಕ್ಯಾಮೆರಾ ಇಳಿಸಿ ನೋಡಿದರು. ಗಂಟು ಕರಗಿತ್ತು. ಸೆಪ್ಟೆಂಬರ್ ಮೊದಲ ವಾರ ಅವಳು ಮೈಸೂರಿನ ಆಯ್ಕೆಯಲ್ಲಿ ಶ್ರುತಿ ಇಳಿಸಿ, ಕಿವಿಗೆ ಹೇಳುವಂತೆ, ಒಂದು ಹಾಡು ಹಾಡಿದಳು. ತೀರ್ಪುಗಾರರು, ಚೆನ್ನಾಗಿದೆ, ಆದರೆ ವೇದಿಕೆಗೆ ಇನ್ನೂ ದೊಡ್ಡ ದನಿ ಬೇಕು ಎಂದರು. ಆಯ್ಕೆಯಾಗಲಿಲ್ಲ. ಹೊರಗೆ ಸಾಲಿನಲ್ಲಿ ಇನ್ನೂ ನೂರಾರು ಜನ ನಿಂತಿದ್ದರು. ಬಸ್ ನಿಲ್ದಾಣದಲ್ಲಿ ಅವಳು, ನನ್ನ ದನಿ ಚಿಕ್ಕದಂತೆ ಮೇಡಂ ಎಂದು ಹೇಳಿ ನಗಲು ಶುರುಮಾಡಿದವಳು ಬಸ್ಸು ಬರುವವರೆಗೂ ನಗುತ್ತಲೇ ಇದ್ದಳೆಂದು ಶಮೀಮ್ ಹೇಳಿದರು. ಅವರಿಗೆ ನಗು ಬರಲಿಲ್ಲವಂತೆ.

ನವೆಂಬರ್‌ನಲ್ಲಿ ನನಗೆ ಮೈಸೂರಿಗೆ ವರ್ಗವಾಯಿತು. ಕೊಠಡಿ ಖಾಲಿ ಮಾಡುವ ದಿನವೂ ಶಶಿಕಲಾ ಆಚೆ ಇದ್ದಳು. ಸ್ಪರ್ಧೆ ಇರಲಿಲ್ಲ, ವೇದಿಕೆ ಇರಲಿಲ್ಲ, ಆದರೂ ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಬರುವುದನ್ನು ಬಿಟ್ಟಿರಲಿಲ್ಲ. ಈಗ ಶಮೀಮ್ ಅವಳಿಗೆ ದನಿ ದೊಡ್ಡದು ಮಾಡುವುದನ್ನು ಕಲಿಸುತ್ತಿದ್ದರು. ಗಂಟಲು ಸಡಿಲ ಬಿಟ್ಟು, ಪಕ್ಕೆಯಿಂದ ಉಸಿರು ಕೊಟ್ಟು, ಎದೆ, ಬಾಯಿ, ಹಣೆ ಮೂರನ್ನೂ ಬಿಂದಿಗೆಯ ಹಾಗೆ ಖಾಲಿ ಇಟ್ಟುಕೊಳ್ಳುವುದು. ಯಾವುದಕ್ಕೆ ಇದು ಎಂದು ನಾನು ಕೇಳಿದ್ದೆ.

"ಅವಳು ಯಾವುದೋ ಒಂದಕ್ಕೆ ಬೇಕು ಅಂದಳು. ನಾನು ಕೇಳಲಿಲ್ಲ" ಎಂದರು ಶಮೀಮ್. ಅವರ ದನಿ ಮೊದಲಿಗಿಂತ ಇನ್ನೊಂದು ಮೆಟ್ಟಿಲು ಕೆಳಗೆ ಇಳಿದಿತ್ತು. ಅದು ಹಾಗೇ ಉಳಿದಿದೆ.

ಕಳೆದ ವಾರ ನಾನು ಆ ಕಡೆ ಹೋದದ್ದು ನಿಂಗಮ್ಮನ ವರ್ಷದ ಕಾರ್ಯಕ್ಕೆ. ಶಮೀಮ್ ಮತ್ತು ಅಕ್ರಂ ಬೆಳಿಗ್ಗೆಯೇ ಹೋಗಿದ್ದರು. ಕಚೇರಿಯ ಕೆಲಸದಿಂದ ನನಗೆ ತಡವಾಯಿತು. ಊರಿನ ಕೆರೆ ಏರಿಯ ಮೇಲೆ ಮಳೆಗೆ ಮಣ್ಣು ಕುಸಿದು ಕಾರು ಮುಂದೆ ಹೋಗುವಂತಿರಲಿಲ್ಲ. ಇಳಿದೆ. ಬ್ಯಾರನ್‌ಗಳ ಹೊಗೆ ನೀರಿನ ಮೇಲೆ ಹರಡಿತ್ತು. ಇಬ್ಬರು ದನ ಕಾಯುವವರು ಕೊಡೆ ಹಿಡಿದು ನಿಂತು ಹೊಲದ ಕಡೆ ನೋಡುತ್ತಿದ್ದರು. ನಿಂಗಮ್ಮನನ್ನು ಮಣ್ಣು ಮಾಡಿದ ಹೊಲ ಕೆರೆಯ ಆಚೆ ದಡದಲ್ಲಿದೆ. ಅಲ್ಲಿ ಸೇರಿದ್ದ ಜನ ಏರಿಯ ಮೇಲಿಂದ ಚುಕ್ಕೆಗಳ ಹಾಗೆ ಕಾಣುತ್ತಿದ್ದರು.

ಶಶಿಕಲಾ ಒಬ್ಬಳೇ ಹೇಳಿಕೊಂಡು ಅಳುತ್ತಿದ್ದಳು. ಬೀಚನಹಳ್ಳಿಯ ಮಗಳೇ ಎಂಬ ಸಾಲು ಏರಿಯ ಮೇಲೆ ಸ್ಪಷ್ಟವಾಗಿ ಕೇಳಿಸಿತು.